ನಿಲ್ಲಿಸಿದರೂ ದುಡ್ಡು, ಓಡಿಸಿದರೂ ದುಡ್ಡು: ನಮ್ಮ ಆರ್‌ವಿ ಲೆಕ್ಕ

ಶಿಕಾಗೋ ಸುತ್ತಮುತ್ತ ಇರುವ ನಮ್ಮ ಕನ್ನಡದವರು ಸಿಕ್ಕಾಗಲೆಲ್ಲ ಕೇಳುವ ಮೊದಲ ಪ್ರಶ್ನೆ, "ಆರ್‌ವಿ ತಗೊಂಡರೆ ಹೋಟೆಲ್ ಖರ್ಚು ಉಳಿಯುತ್ತೆ ಅಲ್ವಾ?" ಆರ್‌ವಿ ಅಂದರೆ ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಮನೆಯಂಥ ಗಾಡಿ. ಖರ್ಚು ಉಳಿಯಲ್ಲ. ಒಂದು ಡಾಲರೂ ಉಳಿಯಲ್ಲ. ಆ ಆಸೆ ಇಟ್ಟುಕೊಂಡಿದ್ದರೆ ಸುಮ್ನೆ ಒಳ್ಳೆಯ ಹೋಟೆಲ್ ಬುಕ್ ಮಾಡಿಕೊಂಡು ಆರಾಮಾಗಿ ಹೋಗಿಬನ್ನಿ.

ನಾವು ತಗೊಂಡಿದ್ದು ಬೇರೆ ಕಾರಣಕ್ಕೆ. ಅಪ್ಪ ಅಮ್ಮ ಬೇಸಿಗೆಯಲ್ಲಿ ಶಿವಮೊಗ್ಗದಿಂದ ಬಂದು ಕೆಲವು ತಿಂಗಳು ಇದ್ದು ಹೋಗುತ್ತಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಬಾತ್‌ರೂಮ್ ಬೇಕು. ಅಮ್ಮ ಹೊರಗಡೆ ಏನೂ ತಿನ್ನುವುದಿಲ್ಲ. ಅದೇ ಬಾಣಲೆಯಲ್ಲಿ ಮೊಟ್ಟೆ ಬೇಯಿಸಿದ್ದಾರೆ ಅಂತ ಅನುಮಾನ ಬಂದರೆ ಸಾಕು, ಬ್ರೆಡ್ ಕೂಡ ಮುಟ್ಟುವುದಿಲ್ಲ. ಈ ಇಬ್ಬರನ್ನು ಕಾರಲ್ಲಿ ಕೂರಿಸಿಕೊಂಡು ಸುಮಾರು 1,400 ಮೈಲಿ ದೂರದ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ಗೆ ಹೋಗಿಬಂದ ವರ್ಷವೇ ನಾವು ಗಾಡಿ ಹುಡುಕಲು ಶುರು ಮಾಡಿದ್ದು.

ಸಿಕ್ಕಿದ್ದು 2014ರ ಗಾಡಿ, ಹಳೆಯದು, 42 ಸಾವಿರ ಡಾಲರ್. ಫೋರ್ಡ್ ಇ-450 ಚಾಸಿಸ್ಸು, 28 ಅಡಿ ಉದ್ದ, ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡ ಹಾಸಿಗೆ ಇರುವ, ಕ್ಲಾಸ್ ಸಿ ಅನ್ನುವ ಬಗೆ. ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ಎತ್ತರ ಮಾತ್ರ 11 ಅಡಿ ದಾಟುತ್ತದೆ, ಹಾಗಾಗಿ ಕಾಫಿಯ ಡ್ರೈವ್ ಥ್ರೂ ಮತ್ತು ಹಳೆಯ ರೈಲು ಸೇತುವೆಗಳನ್ನು ಮರೆತುಬಿಡಬೇಕು.

ಮೊದಲು ನಿಂತ ಗಾಡಿಯ ಖರ್ಚು. ನಮ್ಮ ಬಡಾವಣೆಯ ಅಸೋಸಿಯೇಷನ್ನಿನವರು ಮನೆ ಮುಂದೆ ಆರ್‌ವಿ ನಿಲ್ಲಿಸಲು ಬಿಡುವುದಿಲ್ಲ, ಹಾಗಾಗಿ ಸ್ಟೋರೇಜ್ ಲಾಟಿಗೆ (ಗಾಡಿ ನಿಲ್ಲಿಸಲು ಬಾಡಿಗೆಗೆ ಸಿಗುವ ಜಾಗ) ತಿಂಗಳಿಗೆ 130 ಡಾಲರ್. ಇನ್ಶೂರೆನ್ಸ್ ವರ್ಷಕ್ಕೆ 1,100. ನೋಂದಣಿಯೂ ಸೇರಿದರೆ ಕೀಲಿ ತಿರುಗಿಸದೆಯೇ ಮೂರು ಸಾವಿರದ ಹತ್ತಿರ ಹೋಗುತ್ತದೆ, ಸಾಲದ ಬಡ್ಡಿ ಬೇರೆ. ಹಾಸಿಗೆ, ಅಡುಗೆಮನೆ, ಟಾಯ್ಲೆಟ್ ಇದ್ದರೆ ಅದನ್ನು ಎರಡನೇ ಮನೆ ಅಂತ ತೋರಿಸಿ ಬಡ್ಡಿಗೆ ತೆರಿಗೆ ವಿನಾಯಿತಿ ಪಡೆಯಬಹುದು ಅಂತ ಆಫೀಸಿನಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ನಿಜ, ಕಾನೂನಿನಲ್ಲಿ ಇದೆ. ಆದರೆ ನಮ್ಮಂಥವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ನೇ (ಖರ್ಚಿನ ಲೆಕ್ಕ ಕೊಡದೆಯೇ ಸಿಗುವ ನಿಗದಿತ ವಿನಾಯಿತಿ) ಅದಕ್ಕಿಂತ ಜಾಸ್ತಿ ಇರುವುದರಿಂದ ಏನೂ ಸಿಗುವುದಿಲ್ಲ.

ಓಡಿಸಲು ಹೊರಟರೆ ಗ್ಯಾಲನ್ನಿಗೆ 8 ಮೈಲಿ. ಊರಿನ ಲೆಕ್ಕದಲ್ಲಿ ಲೀಟರಿಗೆ ಮೂರೂವರೆ ಕಿಲೋಮೀಟರೂ ಇಲ್ಲ. ಟ್ಯಾಂಕ್ 55 ಗ್ಯಾಲನ್, ಗ್ಯಾಸ್ (ಅಂದರೆ ಪೆಟ್ರೋಲ್) ಗ್ಯಾಲನ್ನಿಗೆ ಮೂರೂವರೆ ಡಾಲರ್ ಇದ್ದಾಗ ಒಂದು ಸಲ ತುಂಬಿಸಿದರೆ 190ರ ಮೇಲೆ. ಸೌತ್ ಡಕೋಟಾದಲ್ಲಿ ಐ-90 ಹೆದ್ದಾರಿ ಮೇಲೆ ಎದುರುಗಾಳಿ ಸಿಕ್ಕರೆ ಆ 8 ಕೂಡ 7ಕ್ಕೆ ಇಳಿಯುತ್ತದೆ, ಎರಡೂ ಕೈ ಸ್ಟೇರಿಂಗ್ ಮೇಲೇ ಇರಬೇಕು, ದೊಡ್ಡ ಟ್ರಕ್ ಪಕ್ಕದಲ್ಲಿ ಹಾದುಹೋದಾಗಲೆಲ್ಲ ಗಾಡಿ ಒಂದು ಸಲ ಹೊಯ್ದಾಡುತ್ತದೆ. ಕರೆಂಟು ನೀರು ಎರಡೂ ಇರುವ ಖಾಸಗಿ ಕ್ಯಾಂಪಿನಲ್ಲಿ ರಾತ್ರಿಗೆ 60ರಿಂದ 90 ಡಾಲರ್ ಕೊಟ್ಟಿದ್ದೇವೆ. ಸ್ಟೇಟ್ ಪಾರ್ಕುಗಳಲ್ಲಿ ಅದರ ಅರ್ಧ.

ಇದೆಲ್ಲ ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚಿನ ಹೆಸರು ನೀರು. ಗಾಡಿಯ ಸೂರಿನ ಮೇಲೆ ರಬ್ಬರ್ ಹಾಳೆ ಇರುತ್ತದೆ, ಫ್ಯಾನು, ಕಿಂಡಿ, ಏಸಿ ಕೂತಿರುವ ಕಡೆಯೆಲ್ಲ ಸುತ್ತ ಸೀಲೆಂಟ್, ಅಂದರೆ ನೀರು ಒಳಗಿಳಿಯದಂತೆ ಮೆತ್ತುವ ಅಂಟು. ಬಿಸಿಲಿಗೆ ಅದು ಬಿರುಕು ಬಿಡುತ್ತದೆ. ಸೀಲೆಂಟ್ ಟ್ಯೂಬಿಗೆ 15 ಡಾಲರ್ ಇರಬಹುದು, ನಾನು ವಸಂತಕ್ಕೊಮ್ಮೆ ಶರತ್ಕಾಲಕ್ಕೊಮ್ಮೆ ಏಣಿ ಹಾಕಿ ಹತ್ತಿ ನೋಡುತ್ತೇನೆ. ಲಾಟಿನಲ್ಲಿ ನಮ್ಮ ಪಕ್ಕ ನಿಲ್ಲುವ ಗಾಡಿಯ ಮಾಲೀಕ ನೋಡಿರಲಿಲ್ಲ. ಒಳಗಿನ ಪ್ಲೈವುಡ್ ಕೊಳೆತು ಗೋಡೆ ಹಪ್ಪಳದ ಹಾಗೆ ಉಬ್ಬಿಕೊಂಡಿತು. ರಿಪೇರಿಗೆ ವರ್ಕ್‌ಶಾಪಿನವರು ಕೊಟ್ಟ ಅಂದಾಜು ಗಾಡಿಯ ಬೆಲೆಗಿಂತ ಜಾಸ್ತಿ.

ಚಳಿಗಾಲ ಇನ್ನೊಂದು ಕೆಲಸ. ಅಕ್ಟೋಬರ್ ಮುಗಿಯುವುದರೊಳಗೆ ಪೈಪುಗಳ ನೀರೆಲ್ಲ ಖಾಲಿ ಮಾಡಿ, ಬಿಸಿನೀರಿನ ಟ್ಯಾಂಕನ್ನು ಬೈಪಾಸ್ ಮಾಡಿ, ಆರ್‌ವಿಗೆಂದೇ ಬರುವ ನೀರು ಹೆಪ್ಪುಗಟ್ಟದಂತೆ ತಡೆಯುವ ಗುಲಾಬಿ ಬಣ್ಣದ ಆಂಟಿಫ್ರೀಜ಼್ ಎಳೆಸಬೇಕು, ಪ್ರತಿ ನಲ್ಲಿಯಲ್ಲೂ ಗುಲಾಬಿ ನೀರು ಬರುವ ತನಕ. ಎರಡು ಮೂರು ಗ್ಯಾಲನ್ ಸಾಕು. ಬಿಟ್ಟರೆ ಇಲ್ಲಿನ ಜನವರಿಗೆ ಪೈಪು, ಪಂಪು ಎರಡೂ ಒಡೆಯುತ್ತವೆ. ಬೇಸಿಗೆಯಲ್ಲಿ ಏನಾದರೂ ಕೆಟ್ಟರೆ ವರ್ಕ್‌ಶಾಪಿನಲ್ಲಿ ವಾರಗಟ್ಟಲೆ ಸರದಿ. ಆದ್ದರಿಂದ ನೀರಿನ ಪಂಪು, ಟಾಯ್ಲೆಟ್ ಸೀಲು, ಫ್ಯೂಸು ಇಷ್ಟನ್ನು ಬಿಚ್ಚಿ ಹಾಕಲು ಬರದಿದ್ದರೆ ಆರ್‌ವಿ ಸಹವಾಸ ಬೇಡ.

ನಮ್ಮವರು ಮುಖ್ಯವಾಗಿ ತಿಳಿದಿರಬೇಕಾದ್ದು ಟ್ಯಾಂಕುಗಳ ವಿಷಯ. ಕುಡಿಯುವ ನೀರಿಗೆ ಒಂದು, ಪಾತ್ರೆ ಮತ್ತು ಸ್ನಾನದ ನೀರಿಗೆ ಗ್ರೇ ಟ್ಯಾಂಕ್, ಟಾಯ್ಲೆಟ್‌ಗೆ ಬ್ಲ್ಯಾಕ್ ಟ್ಯಾಂಕ್. ಸ್ಯಾಂಡ್‌ವಿಚ್ ತಿನ್ನುವವರ ಅಳತೆಗೆ ಮಾಡಿದ್ದು ಅವು. ಕುಕ್ಕರ್, ಸಾರಿನ ಪಾತ್ರೆ, ಎಣ್ಣೆ ಬಾಣಲೆ ತೊಳೆದರೆ ಗ್ರೇ ಟ್ಯಾಂಕ್ ಎರಡೇ ದಿನಕ್ಕೆ ತುಂಬುತ್ತದೆ. ಟಾಯ್ಲೆಟ್‌ನಲ್ಲಿ ಚೊಂಬು ಬಳಸುವ ಮನೆ ನಮ್ಮದು, ಬ್ಲ್ಯಾಕ್ ಟ್ಯಾಂಕಿನ ಕಥೆಯೂ ಅಷ್ಟೇ. ಅಮ್ಮ ಈಗ ತಟ್ಟೆಯನ್ನು ಮೊದಲು ಟಿಶ್ಯೂನಲ್ಲಿ ಒರೆಸಿ, ಆಮೇಲೆ ಒಂದೇ ಲೋಟ ನೀರಲ್ಲಿ ತೊಳೆದು ಮುಗಿಸುತ್ತಾರೆ.

ತುಂಬಿದ ಮೇಲೆ ಅದನ್ನು ಖಾಲಿ ಮಾಡುವ ಜಾಗ, ಅಂದರೆ ಡಂಪ್ ಸ್ಟೇಷನ್ನಿಗೆ ಹೋಗಿ ಗ್ಲೌಸ್ ಹಾಕಿ ಪೈಪು ಜೋಡಿಸಬೇಕು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ, ಆಗ ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಅಪ್ಪ ಮೊದಲ ಸಲ ನೋಡಿದಾಗ ಮುಖ ತಿರುಗಿಸಿ, "ದುಡ್ಡು ಕೊಟ್ಟರೆ ಯಾರೂ ಮಾಡಿಕೊಡಲ್ವೇನೋ?" ಅಂದರು. "ಇಲ್ಲಪ್ಪ, ಹಿಂದೆ ಸಾಲಲ್ಲಿ ನಿಂತಿರೋರೆಲ್ಲ ಅವರವರದ್ದು ಅವರೇ ಮಾಡ್ಕೋತಾರೆ" ಅಂದೆ. ಊರಿನ ಮನೆಯ ಗುಂಡಿ ತುಂಬಿದಾಗ ಬರುತ್ತಿದ್ದವರ ಹೆಸರು ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ಅಪ್ಪನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಇನ್ನು ಸಿಕ್ಕಿದ್ದೇನು ಅಂದರೆ, ಊಟ! ಯೆಲ್ಲೋಸ್ಟೋನಿನ ಬಹುಭಾಗ ಏಳೂವರೆ ಸಾವಿರ ಅಡಿಗೂ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ. ನಮ್ಮ ಕುಕ್ಕರ್ ಅಲ್ಲಿ ಮೂರು ವಿಷಲ್ ಹೊಡೆದಾಗ ಪಕ್ಕದ ಗಾಡಿಯವರು ಹೊರಗೆ ಬಂದು ನೋಡಿದರು. ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆ ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ. ಒಂದು ತಪ್ಪಿದರೆ ಉಳಿದವರೆಲ್ಲ ಬೆಂಚಿನ ಮೇಲೆ ಕಾಯುತ್ತಾರೆ. ನಾವು ಪಾರ್ಕಿಂಗಿಗೆ ವಾಪಸ್ ಬಂದು ಅವಲಕ್ಕಿ ಒಗ್ಗರಣೆ, ಕಾಫಿ ಮುಗಿಸಿಕೊಂಡು ಹೋಗಿ ನಿಂತೆವು (ಒಗ್ಗರಣೆಗೆ ಹೊಗೆ ಅಲಾರಂ ಕೂಗಿಕೊಂಡಿತು, ಅದು ದಿನದ ಗೋಳು). ಮ್ಯಾಡಿಸನ್ ಕ್ಯಾಂಪಿನಲ್ಲಿ ಕರೆಂಟಿಲ್ಲ, ಜನರೇಟರ್ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಅಂದರೆ ಎಂಟಕ್ಕೆ ಮುಂಚೆ ಮಿಕ್ಸಿ ಇಲ್ಲ, ಚಟ್ನಿ ಇಲ್ಲ. ಫಿಶಿಂಗ್ ಬ್ರಿಜ್ ಕ್ಯಾಂಪಿನಲ್ಲಿ ಕರಡಿ ಕಾಟಕ್ಕೆ ಟೆಂಟು ಹಾಕಲು ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಗಳು ಮಾತ್ರ. ಅಮ್ಮನಿಗೆ ಆ ನಿಯಮ ಬಹಳ ಹಿಡಿಸಿತು.

ಅಪ್ಪ ದಾರಿಯುದ್ದಕ್ಕೂ "ಇನ್ನೆಷ್ಟು ದೂರ?" ಅಂತ ಕೇಳುವುದು ನಿಲ್ಲಿಸಿದ್ದಾರೆ. ನನ್ನ ಮಟ್ಟಿಗೆ ಗಾಡಿಯ ದುಡ್ಡು ಅಲ್ಲೇ ವಸೂಲಾಯಿತು.

ಎಲ್ಲ ಕಡೆಗೂ ಇದು ಆಗಿಬರಲ್ಲ. ಗ್ಲೇಸಿಯರ್ ಪಾರ್ಕಿನ ಗೋಯಿಂಗ್ ಟು ದಿ ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಆರ್‌ವಿ ಕ್ಯಾಂಪಿನಲ್ಲೇ ಬಿಟ್ಟು ಬಾಡಿಗೆ ಕಾರು ತಗೊಂಡೆವು.

ತಗೊಳ್ಳುವುದಾ, ಬಾಡಿಗೆಗಾ? ಸೀಸನ್ನಿನಲ್ಲಿ ಇಂಥ ಗಾಡಿಗೆ ರಾತ್ರಿಗೆ 200ರಿಂದ 250 ಡಾಲರ್, ಮೈಲಿ ಲೆಕ್ಕ ಬೇರೆ. ನಮ್ಮ ಗಾಡಿಗೆ ನಿಂತ ಖರ್ಚು, ರಿಪೇರಿ, ಬಡ್ಡಿ, ಬೆಲೆ ಇಳಿದಿದ್ದು ಎಲ್ಲ ಸೇರಿಸಿದರೆ ವರ್ಷಕ್ಕೆ ಎಂಟು ಸಾವಿರ ದಾಟುತ್ತದೆ. ವರ್ಷದಲ್ಲಿ ಐದು ವಾರ ಓಡಿಸುವವರಲ್ಲದಿದ್ದರೆ ಬಾಡಿಗೆಯೇ ವಾಸಿ, ಅದೂ ಮೊದಲು ಒಂದು ವಾರ ಅಪ್ಪ ಅಮ್ಮನ ಜೊತೆಗೇ ಹೋಗಿ ನೋಡಿ. ತಗೊಳ್ಳಲೇಬೇಕು ಅಂದರೆ ಹಳೆಯದನ್ನೇ ತಗೊಳ್ಳಿ, ಹೊಸದರ ಬೆಲೆ ಮೊದಲ ವರ್ಷಗಳಲ್ಲೇ ಧಡಕ್ಕನೆ ಇಳಿಯುತ್ತದೆ. ಮಳೆ ಬಂದ ಮಾರನೇ ದಿನ ಹೋಗಿ ಒಳಗಿನ ಮೂಲೆಗಳನ್ನು ಹೆಬ್ಬೆರಳಲ್ಲಿ ಒತ್ತಿ, ಮೆತ್ತಗಿದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ವಾಪಸ್ ಬನ್ನಿ. ಟೈರು ಆರು ಇರುತ್ತವೆ, ಸವೆಯುವ ಮೊದಲೇ ವಯಸ್ಸಾಗಿ ಹಾಳಾಗುತ್ತವೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದ್ದು. ಅಂಥದ್ದಿದ್ದರೆ ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿಕೊಳ್ಳಿ.