ರೋಗಿಯ ಉತ್ತರ ಕಳೆದುಹೋಗದಂತೆ ಲೆಕ್ಕ ಹಾಕುವುದು ಹೇಗೆ?

ಔಷಧಿಯಿಂದ ಗಡ್ಡೆ ಕುಗ್ಗಿತು, ಸರಿ. ಆದರೆ ರೋಗಿಗೆ ನಿದ್ದೆ ಬರುತ್ತಿದೆಯೇ? ಎದ್ದು ಓಡಾಡುವ ಶಕ್ತಿ ಇದೆಯೇ? ಅದನ್ನು ರೋಗಿಯೇ ಹೇಳಬೇಕು, ಅಲ್ವಾ? ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಜೀವನದ ಗುಣಮಟ್ಟದ ಪ್ರಶ್ನಾವಳಿ ಕೊಡುವುದು ಇದಕ್ಕೇ. ಆ ಉತ್ತರಗಳ ಲೆಕ್ಕ ಹೇಗೆ ಎಂಬುದನ್ನು ಅಂಕಗಳು ಕಣ್ಣಿಗೆ ಬೀಳುವ ಮೊದಲೇ ಬರೆದಿಡಬೇಕು.

ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ. ‘ಗುಣಮಟ್ಟ ಸುಧಾರಿಸಿತೇ?’ ಎಂದರೆ ಸಾಲದು. ‘6 ತಿಂಗಳಾದಾಗ ಹೊಸ ಔಷಧಿ ಪಡೆದ ಮತ್ತು ಪಡೆಯದ ಎರಡು ಗುಂಪುಗಳ ಸುಸ್ತಿನ ಅಂಕದಲ್ಲಿ ಎಷ್ಟು ವ್ಯತ್ಯಾಸವಿದೆ?’ ಎಂದು ಕೇಳಿ.

ಕ್ಯಾನ್ಸರ್ ಟ್ರಯಲ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಇಒಆರ್‌ಟಿಸಿ ಕ್ಯೂಎಲ್‌ಕ್ಯೂ-ಸಿ30 ಎಂಬ ಪ್ರಶ್ನಾವಳಿಯಲ್ಲಿ 30 ಪ್ರಶ್ನೆಗಳಿವೆ. ಅವುಗಳಿಂದ 0ಯಿಂದ 100ರವರೆಗಿನ 15 ಅಂಕಗಳು ಸಿಗುತ್ತವೆ. ದೈಹಿಕ ಸಾಮರ್ಥ್ಯದಲ್ಲಿ ಜಾಸ್ತಿ ಅಂಕ ಒಳ್ಳೆಯದು, ನೋವಿನಲ್ಲಿ ಜಾಸ್ತಿ ಅಂಕ ಕೆಟ್ಟದ್ದು. ಹದಿನೈದನ್ನೂ ಶೇ 5ರ ಮಟ್ಟದಲ್ಲಿ (ಅಂದರೆ ಪ್ರತಿಯೊಂದರಲ್ಲೂ ಆಕಸ್ಮಿಕವಾಗಿ ‘ಗೆಲುವು’ ಕಾಣುವ ಸಾಧ್ಯತೆ ಶೇ 5) ಪರೀಕ್ಷಿಸಿದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೆ, ಔಷಧಿಯಿಂದ ಏನೂ ಆಗದಿದ್ದಾಗಲೂ ಒಂದಾದರೂ ‘ಗೆಲುವು’ ಕಾಣುವ ಸಾಧ್ಯತೆ ಸುಮಾರು ಶೇ 54. ಹಾಗಾಗಿ ಮುಖ್ಯವಾದ ಒಂದೆರಡನ್ನು ಮೊದಲೇ ಆರಿಸಿ. ರೋಗಿಗೆ ಗೊತ್ತಾಗುವಷ್ಟು ವ್ಯತ್ಯಾಸ ಎಷ್ಟೆಂದೂ ಬರೆದಿಡಿ. 10 ಅಂಕ ಎಂಬುದು ಬಳಕೆಯಲ್ಲಿದೆ, ಆದರೆ ಎಲ್ಲ ಅಳತೆಗೂ ಅದೇ ಸರಿಹೊಂದುವುದಿಲ್ಲ.

ಇನ್ನು ನಿಜವಾದ ಕಷ್ಟ: ಬಾರದ ಫಾರ್ಮ್‌ಗಳು. ತೀರಾ ಹಾಸಿಗೆ ಹಿಡಿದವರೇ ಹೆಚ್ಚಾಗಿ ಫಾರ್ಮ್ ತುಂಬುವುದನ್ನು ನಿಲ್ಲಿಸುತ್ತಾರೆ. ಉಳಿದವರ ಸರಾಸರಿ ಸುಮ್ನೆ ತೆಗೆದರೆ ಎಲ್ಲರೂ ಚೇತರಿಸಿಕೊಂಡಂತೆ ಕಾಣುತ್ತದೆ. ನಿಲ್ಲಿಸಿದವರ ಕೊನೆಯ ಅಂಕವನ್ನೇ ಮುಂದಿನ ಭೇಟಿಗಳಿಗೂ ಎಳೆದರೆ ನಂತರದ ಕುಸಿತ ಮುಚ್ಚಿಹೋಗುತ್ತದೆ. ಇದಕ್ಕಿಂತ, ಎಲ್ಲ ಭೇಟಿಗಳ ಅಂಕಗಳನ್ನೂ ಒಟ್ಟಿಗೆ ಬಳಸುವ ‘ಮಿಶ್ರ ಮಾದರಿ’ ಎಂಬ ಸಂಖ್ಯಾಶಾಸ್ತ್ರದ ವಿಧಾನ ಮೇಲು. ಆದರೆ ಫಾರ್ಮ್ ಬಾರದಿರುವುದನ್ನು ನಮ್ಮ ಕೈಯಲ್ಲಿರುವ ಮಾಹಿತಿಯೇ ವಿವರಿಸುತ್ತದೆ ಎಂದು ಅದು ನಂಬುತ್ತದೆ. ಆ ನಂಬಿಕೆಯನ್ನು ಪರೀಕ್ಷಿಸಿ: ಉತ್ತರಿಸದವರ ಸ್ಥಿತಿ ಮಾದರಿಯ ಅಂದಾಜಿಗಿಂತ 5 ಅಂಕದಷ್ಟು ಕೆಟ್ಟದಿದ್ದರೆ? 10 ಅಂಕದಷ್ಟಿದ್ದರೆ? ಎಲ್ಲಿಗೆ ಬಂದಾಗ ತೀರ್ಮಾನ ತಲೆಕೆಳಗಾಗುತ್ತದೆ ಎಂದು ನೋಡಿ.

ಸಾವನ್ನು ಮಾತ್ರ ಬಿಟ್ಟುಹೋದ ಉತ್ತರದಂತೆ ತುಂಬಬೇಡಿ. ತೀರಿಕೊಂಡವರಿಗೆ ಅಂಕವೇ ಇರುವುದಿಲ್ಲ. ಬದುಕಿದ್ದವರ ಅಂಕವನ್ನಷ್ಟೇ ಹೋಲಿಸುತ್ತೀರಾ, ಸಾವನ್ನೂ ಸೇರಿಸಿದ ಫಲಿತಾಂಶ ಬೇಕೇ? ಔಷಧಿ ಪರೀಕ್ಷೆಯ ನಿಯಮಗಳನ್ನು ದೇಶಗಳ ನಡುವೆ ಏಕರೂಪಗೊಳಿಸುವ ಐಸಿಎಚ್ ಸಂಸ್ಥೆಯ 2019ರ ಇ9(ಆರ್1) ಮಾರ್ಗಸೂಚಿ ಇದನ್ನು ಮೊದಲೇ ನಿರ್ಧರಿಸಲು ಹೇಳುತ್ತದೆ.

ಯಾವ ಲೆಕ್ಕವೂ ಬಂದ ಉತ್ತರಕ್ಕೆ ಸಮವಲ್ಲ. ವೈದ್ಯರು ಸ್ಕ್ಯಾನ್ ಫಲಿತಾಂಶ ಹೇಳುವ ಮೊದಲೇ ಫಾರ್ಮ್ ತುಂಬಿಸಿ. ಬಾರದವರಿಗೆ ಫೋನ್ ಮಾಡಿ, ಕಾರಣ ಬರೆದುಕೊಳ್ಳಿ. ವರದಿಯಲ್ಲಿ ಪ್ರತಿ ಭೇಟಿಯಲ್ಲೂ ಎಷ್ಟು ಜನ ಉತ್ತರಿಸಬೇಕಿತ್ತು, ಎಷ್ಟು ಜನ ಉತ್ತರಿಸಿದರು ಎಂಬುದನ್ನು ಗ್ರಾಫ್‌ನ ಕೆಳಗೇ ಕೊಡಿ.