ಅರ್ಧ ಸಿಮೆಂಟ್, ಅರ್ಧ ಸ್ಲ್ಯಾಗ್: ಕಡಲ ದಂಡೆಯಲ್ಲಿ ಎಂ-30 ಮಿಶ್ರಣ ಕೂಡಿಬಂದ ಬಗೆ

ಕುಂದಾಪುರದ ಬಳಿ, ಕಡಲಿನಿಂದ ಅರ್ಧ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ, ಮೀನಿನ ಶೈತ್ಯಾಗಾರವೊಂದರ ಕಾಂಕ್ರೀಟ್ ಕೆಲಸ ನನ್ನ ಪಾಲಿಗೆ ಬಂದಾಗ ಸಲಹೆಗಾರರು ಕೈಗಿತ್ತ ಎಂ-30 (28 ದಿನಕ್ಕೆ 30 ಎಂಪಿಎ ಒತ್ತಡ ತಾಳಬೇಕಾದ) ಮಿಶ್ರಣದಲ್ಲಿ ಘನ ಮೀಟರಿಗೆ 420 ಕಿಲೋ ಓಪಿಸಿ, ಅಂದರೆ ಬೆರಕೆಯಿಲ್ಲದ ಸಾಮಾನ್ಯ ಸಿಮೆಂಟ್ ಇತ್ತು. ಉಪ್ಪುಗಾಳಿಗೆ ಸಿಮೆಂಟ್ ಸುರಿದಷ್ಟೂ ಒಳ್ಳೆಯದು ಎಂಬುದು ಅವರ ನಂಬಿಕೆಯಾಗಿತ್ತು. ಕರಾವಳಿಯಲ್ಲಿ ಹತ್ತಾರು ವರ್ಷ ತುಕ್ಕು ಹಿಡಿದ ಕಂಬಗಳನ್ನು ಕೆತ್ತಿ ದುರಸ್ತಿ ಮಾಡಿದ ನನಗೆ ಆ ನಂಬಿಕೆ ಉಳಿದಿರಲಿಲ್ಲ. ಬಳ್ಳಾರಿ ಕಡೆಯಿಂದ ಬರುವ ಜಿಜಿಬಿಎಸ್ ಅನ್ನು, ಅಂದರೆ ಕಬ್ಬಿಣದ ಕುಲುಮೆಯ ಸ್ಲ್ಯಾಗನ್ನು ನುಣ್ಣಗೆ ಅರೆದ ಪುಡಿಯನ್ನು, ಅರ್ಧಕ್ಕರ್ಧ ಬೆರೆಸುತ್ತೇನೆ ಎಂದಾಗ, ಕುಲುಮೆಯ ಕಸದಲ್ಲಿ ಕಟ್ಟಡ ಕಟ್ಟುತ್ತೀರಾ ಎಂದು ಮಾಲೀಕರೇ ನಕ್ಕರು.

ನಾನು ಹಿಡಿದ ಲೆಕ್ಕ ಸರಳ. ಏರುಪೇರಿಗೆ ಜಾಗ ಬಿಟ್ಟು ಗುರಿ ಬಲ 38.25 ಎಂಪಿಎ, ಘನ ಮೀಟರಿಗೆ ಒಟ್ಟು ಬೈಂಡರ್ (ಅಂಟಿಸುವ ಪುಡಿ) 360 ಕಿಲೋ, ಅದರಲ್ಲಿ ಸಿಮೆಂಟ್ 180, ಸ್ಲ್ಯಾಗ್ 180, ಬೈಂಡರಿಗೆ ನೀರಿನ ಅನುಪಾತ 0.42, ಅಂದರೆ ಸುಮಾರು 151 ಲೀಟರ್. ತೀವ್ರ ಪರಿಸರಕ್ಕೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕೇಳುವ ಕನಿಷ್ಠ 320 ಕಿಲೋ ಬೈಂಡರ್ ಮತ್ತು ಗರಿಷ್ಠ 0.45 ನೀರಿನ ಅನುಪಾತ ಎರಡರ ಮಿತಿಯೊಳಗೂ ಇದು ಕೂರುತ್ತಿತ್ತು.

ಮೊದಲ ಟ್ರಯಲ್ ಕೆಟ್ಟಿತು. ಮಿಕ್ಸರಿನಿಂದ ಹೊರಬಂದಾಗ 160 ಮಿ.ಮೀ. ಇದ್ದ ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಸಡಿಲವಾಗಿದೆ ಎಂಬ ಅಳತೆ) ಮುಕ್ಕಾಲು ಗಂಟೆಯಲ್ಲಿ 40ಕ್ಕೆ ಇಳಿಯಿತು. ದೋಷ ಅಡ್ಮಿಕ್ಸ್ಚರಿನದೆಂದು (ಕಡಿಮೆ ನೀರಿನಲ್ಲೂ ಕಾಂಕ್ರೀಟ್ ಹರಿಯುವಂತೆ ಮಾಡುವ ರಾಸಾಯನಿಕ) ಎರಡು ಬ್ರ್ಯಾಂಡ್ ಬದಲಿಸಿ, ಹದಿನೈದು ಸಾವಿರ ರೂಪಾಯಿಯಷ್ಟು ಕಳೆದುಕೊಂಡ ಮೇಲೆ, ಎಂ-ಸ್ಯಾಂಡ್ ಅನ್ನು (ಕಲ್ಲು ಪುಡಿಮಾಡಿದ ಮರಳು) ನೀರಿನೊಡನೆ ಗಾಜಿನ ಲೋಟದಲ್ಲಿ ಕದಡಿ ರಾತ್ರಿಯಿಡೀ ಇಟ್ಟು ನೋಡಿದೆ. ಬೆಳಿಗ್ಗೆ ಮೇಲೆ ಕೂತಿದ್ದ ಕೆಸರಿನ ಪದರ ಬೆರಳಿಗೆ ಜೇಡಿಯಂತೆ ಅಂಟಿತು. ತೊಳೆದ ಮರಳು ಕೊಡುವ ಬೇರೆ ಕ್ರಷರ್ ಹಿಡಿದೆ, ಟನ್ನಿಗೆ ನೂರು ರೂಪಾಯಿ ಹೆಚ್ಚಾದರೂ ಸ್ಲಂಪ್ ಒಂದೂವರೆ ಗಂಟೆ ನಿಂತಿತು. 20 ಮತ್ತು 12 ಮಿ.ಮೀ. ಜಲ್ಲಿಯನ್ನು ಯಾವ ಪಾಲಿನಲ್ಲಿ ಕೂಡಿಸಿದೆ, ಅಡ್ಮಿಕ್ಸ್ಚರನ್ನು ಯಾವ ಹಂತದಲ್ಲಿ ಬಿಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ನಿಜವಾದ ಪೆಟ್ಟು ಬಿದ್ದದ್ದು ಜೂನ್ ಮಳೆಯಲ್ಲಿ. ಆ ವಾರದ ಕ್ಯೂಬ್‌ಗಳು (ಒತ್ತಿ ಒಡೆದು ಬಲ ಅಳೆಯುವ ಮಾದರಿ ಘನಗಳು) 28 ದಿನಕ್ಕೆ 30 ಎಂಪಿಎ ಆಸುಪಾಸಿನಲ್ಲೇ ನಿಂತವು. ಸಲಹೆಗಾರರು ಕಟ್ಟಿದ ಕಾಂಕ್ರೀಟನ್ನೇ ಕೊರೆಸಿ ಪರೀಕ್ಷೆಗೆ ಕೋರ್ ತೆಗೆಸಿದರು, ಖರ್ಚು ನನ್ನ ತಲೆಗೆ ಬಂತು. ನಾನು ಸೈಟಿನ ಅಡುಗೆಮನೆಯಿಂದ ಬಾಣಲೆ ತರಿಸಿ, ರಾಶಿಯ ಒಳಗಿನಿಂದ ಒಂದು ಕಿಲೋ ಮರಳು ತೆಗೆದು, ಉಗಿ ನಿಲ್ಲುವವರೆಗೆ ಹುರಿದು ತೂಗಿದೆ: 940 ಗ್ರಾಂ. ಮರಳು ತಾನೇ ಹೀರಿಕೊಳ್ಳುವ ಎರಡು ಪ್ರತಿಶತ ಬಿಟ್ಟರೂ, ಘನ ಮೀಟರಿಗೆ ಬೀಳುವ 800 ಕಿಲೋ ಮರಳಿನಲ್ಲಿ ಮೂವತ್ತಕ್ಕೂ ಹೆಚ್ಚು ಲೀಟರ್ ನೀರು ಯಾರ ಲೆಕ್ಕಕ್ಕೂ ಸಿಗದೆ ಒಳಗೆ ಹೋಗುತ್ತಿತ್ತು, 0.42 ಎಂದು ಬರೆದುಕೊಂಡ ಅನುಪಾತ ಮಿಕ್ಸರಿನಲ್ಲಿ 0.50 ದಾಟಿತ್ತು. ಅಂದಿನಿಂದ ಬೆಳಿಗ್ಗೆ ಮತ್ತು ಊಟದ ನಂತರ ಬಾಣಲೆ ಒಲೆಗೇರದೆ ಮಿಕ್ಸರ್ ತಿರುಗಲಿಲ್ಲ. ನಿಧಾನವಾಗಿ ಬಲ ಗಳಿಸುವ ಸ್ಲ್ಯಾಗಿನ ಪುಣ್ಯ, ಅದೇ ಕ್ಯೂಬ್‌ಗಳ ಜೊತೆಯವು 56 ದಿನಕ್ಕೆ 37ರ ಹತ್ತಿರ ಬಂದು ಮಾನ ಉಳಿಸಿದವು.

ಈ ನಡುವೆ, ಊರಿನ ಕೆಂಪುಕಲ್ಲಿನ ಚೂರುಗಳನ್ನು ಜಲ್ಲಿಯ ಐದನೇ ಒಂದು ಪಾಲಿಗೆ ಹಾಕಿ ನೋಡುವ ಹುಚ್ಚೂ ಹತ್ತಿತ್ತು. ಅವು ನೀರನ್ನು ಸ್ಪಂಜಿನಂತೆ ಕುಡಿದವು, ಕ್ಯೂಬ್ ಒಡೆದಾಗ ಬಿರುಕು ಆ ಚೂರುಗಳ ಮಧ್ಯದಿಂದಲೇ ಹಾದಿತ್ತು. ತಳದ ಬೆಡ್ ಕಾಂಕ್ರೀಟಿಗೆ ಬಳಸಿ ಮುಗಿಸಿದೆ.

ಮೊದಲ ಕಂಬದ ಶಟರಿಂಗ್ ಬಿಚ್ಚಿದ ದಿನ ಕಾಂಕ್ರೀಟ್ ನೀಲಿ-ಹಸಿರಾಗಿ ಕಂಡದ್ದೇ ತಡ, ಮಾಲೀಕರು ಫೋನಿನಲ್ಲೇ ಕೂಗಾಡಿದರು. ಸ್ಲ್ಯಾಗಿನ ಕಾಂಕ್ರೀಟ್ ಒಳಗೆ ಹಾಗೆಯೇ ಇರುತ್ತದೆ, ಗಾಳಿ ತಾಗಿದರೆ ಮಾಸುತ್ತದೆ ಎಂದು ಹೇಳಿದರೆ ನಂಬುವವರಿರಲಿಲ್ಲ. ಕೆಲವು ವಾರಗಳಲ್ಲಿ ಬಣ್ಣವೇ ಬಿಳಿಚಿ ನನ್ನ ಪರ ಸಾಕ್ಷಿ ಹೇಳಿತು.

ಹಣದ ಮಾತಿಗೆ ಬಂದರೆ, ಹಳೆಯ ಮಿಶ್ರಣದಲ್ಲಿ ಸಿಮೆಂಟಿಗೇ ಘನ ಮೀಟರಿಗೆ 3,200 ರೂಪಾಯಿ ಹತ್ತಿರ ಆಗುತ್ತಿತ್ತು. ನನ್ನದರಲ್ಲಿ ಸಿಮೆಂಟ್, ಬಾಡಿಗೆ ಸಹಿತ ಸ್ಲ್ಯಾಗ್ ಮತ್ತು ಅಡ್ಮಿಕ್ಸ್ಚರ್ ಸೇರಿ 2,400. ಸಾವಿರದ ನೂರು ಘನ ಮೀಟರಿಗೆ ಸುಮಾರು 8.8 ಲಕ್ಷ ಉಳಿಯಬೇಕಿತ್ತು. ಆದರೆ 7 ದಿನಕ್ಕೆ 22 ಎಂಪಿಎ ಮಾತ್ರ ಬರುತ್ತಿದ್ದುದರಿಂದ ಶಟರಿಂಗ್ ಹೆಚ್ಚು ದಿನ ನಿಲ್ಲಿಸಬೇಕಾಯಿತು, 14 ದಿನ ಗೋಣಿ ನೆನೆಸಬೇಕಾಯಿತು, ತೊಳೆದ ಮರಳಿನ ಹೆಚ್ಚುವರಿ ಮತ್ತು ಕೋರ್ ಖರ್ಚೂ ಸೇರಿ ಕೈಗೆ ಉಳಿದದ್ದು ಆರು ಲಕ್ಷದ ಒಳಗೆ.

ಮಳೆ ನಿಂತ ಮೇಲೆ 28 ದಿನದ ಸರಾಸರಿ 41ರ ಸುತ್ತ ಸ್ಥಿರವಾಯಿತು. ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕ್ಲೋರೈಡ್ ಪರೀಕ್ಷೆ (ಉಪ್ಪು ಒಳಗೆ ನುಸುಳುವುದನ್ನು ಅಂದಾಜಿಸುವಂಥದ್ದು, ಕೂಲಂಬ್ ಕಡಿಮೆಯಾದಷ್ಟೂ ಒಳ್ಳೆಯದು) ಮಾಡಿಸಿದಾಗ ಪೂರ್ತಿ ಓಪಿಸಿ ಮಾದರಿ 3,000 ಕೂಲಂಬ್ ದಾಟಿತು, ನನ್ನದು 900ರ ಆಸುಪಾಸಿನಲ್ಲಿತ್ತು. ಆ ವರದಿಯ ಪ್ರತಿಯನ್ನು ಸಲಹೆಗಾರರು ಕೇಳಿ ಪಡೆದರು. ಜಲ್ಲಿಯ ಪಾಲನ್ನೂ ಕೇಳಿದ್ದಾರೆ, ಅದನ್ನು ಇನ್ನೂ ಕೊಟ್ಟಿಲ್ಲ.