ನಡುವಯಸ್ಸಿನಲ್ಲಿ ಮತ್ತೆ ರೋಡ್ ಸೈಕಲ್: ಹುಬ್ಬಳ್ಳಿ-ಧಾರವಾಡದ ರಸ್ತೆಗೆ ಹೊಂದಿಸಿಕೊಂಡ ಬಗೆ

ಬಹಳ ವರ್ಷ ಬಿಟ್ಟು ಮತ್ತೆ ಸೈಕಲ್ ಹತ್ತಿದವರಿಗೆ ದಮ್ಮು ಬೇಗ ಮರಳುತ್ತದೆ. ಕೆಲವೇ ವಾರಗಳಲ್ಲಿ ಏದುಸಿರು ತಗ್ಗುತ್ತದೆ. ಮೊಣಕಾಲಿನ ಸ್ನಾಯುರಜ್ಜು, ಕುತ್ತಿಗೆ, ಅಂಗೈ ಹಾಗಲ್ಲ, ಅವಕ್ಕೆ ತಿಂಗಳುಗಳು ಬೇಕು. ಎದೆ ತಯಾರಾಗಿ ಮೊಣಕಾಲು ತಯಾರಾಗದ ಆ ನಡುವಿನ ಕಾಲದಲ್ಲೇ ಬಹಳ ಜನ ಮೊಣಕಾಲು ಹಿಡಿದುಕೊಂಡು ಕೂರುವುದು. ಅದಕ್ಕೇ ನಾನು ಮೊದಲು ಕೈ ಹಾಕಿದ್ದು ಗೇರಿಗೆ ಮತ್ತು ಕೂರುವ ಭಂಗಿಗೆ. ವೇಗದ ಲೆಕ್ಕ ಆಮೇಲೆ.

ಅದಕ್ಕೂ ಮುಂಚೆ ಬಿಪಿ, ಶುಗರ್, ಇಸಿಜಿ ಮುಗಿಸಿಕೊಳ್ಳಬೇಕು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಏರುವುದೇ ಕಡಿಮೆ, ಆದ್ದರಿಂದ ವಾಚ್ ತೋರಿಸುವ ಹಾರ್ಟ್‌ರೇಟ್ ನಂಬಿ ತುಳಿಯುವಂತಿಲ್ಲ. ತುಳಿಯುತ್ತಲೇ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತದೆಯೇ ಎಂಬುದೇ ಅವರಿಗೆ ಸರಿಯಾದ ಅಳತೆ. ಶುಗರ್‌ಗೆ ಇನ್ಸುಲಿನ್ ತೆಗೆದುಕೊಳ್ಳುವವರು ಡೋಸ್ ಬಗ್ಗೆ ಡಾಕ್ಟರನ್ನು ಕೇಳಿಕೊಂಡೇ ಹೊರಡಬೇಕು, ಜೇಬಿನಲ್ಲಿ ಗ್ಲೂಕೋಸ್ ಇರಲೇಬೇಕು.

ಇನ್ನು ಗೇರು. ಹಳೆಯ ರೋಡ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಮುಂದೆ ಪೆಡಲ್ ಬಳಿ 53 ಮತ್ತು 39 ಹಲ್ಲಿನ ಎರಡು ರಿಂಗ್ (53-39), ಹಿಂದೆ 12ರಿಂದ 25 ಹಲ್ಲಿನವರೆಗಿನ ಹಲ್ಲುಗಾಲಿಗಳ ಗೊಂಚಲು, ಅಂದರೆ ಕ್ಯಾಸೆಟ್ (12-25). ಇದು ಇಪ್ಪತ್ತರ ಹುಡುಗರ ಗೇರು. ನಿಮಿಷಕ್ಕೆ 80 ಸುತ್ತು ತುಳಿಯಬೇಕೆಂದರೆ ಮುಂದೆ 39, ಹಿಂದೆ 25 ಹಲ್ಲಿನ 39-25ರಲ್ಲಿ ಗಂಟೆಗೆ ಸುಮಾರು 16 ಕಿ.ಮೀ. ವೇಗ ಇರಲೇಬೇಕು. ಎದುರುಗಾಳಿಯಲ್ಲೋ ಏರಿನಲ್ಲೋ ಅದು ದಕ್ಕದಿದ್ದರೆ ಸುತ್ತು 50ಕ್ಕೆ ಇಳಿಯುತ್ತದೆ, ಪ್ರತಿ ತುಳಿತದ ಭಾರ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ಅದೇ 34-32 ಇದ್ದರೆ 11 ಕಿ.ಮೀ. ವೇಗದಲ್ಲೂ 80 ಸುತ್ತು ಸಿಗುತ್ತದೆ.

ಬದಲಿಸುವಾಗ ಎಡವುವ ಜಾಗಗಳಿವೆ. ಕ್ರ್ಯಾಂಕ್ ಅಂದರೆ ಪೆಡಲ್ ತೋಳು, ರಿಂಗ್ ಸೇರಿದ ಜೋಡಣೆ. 53-39ರ ಕ್ರ್ಯಾಂಕ್‌ನ ರಿಂಗ್ ಬಿಗಿಯುವ ಬೋಲ್ಟ್‌ಗಳ ವೃತ್ತದ ವ್ಯಾಸ 130 ಮಿ.ಮೀ. ಇದ್ದರೆ ಅದಕ್ಕೆ 34 ಹಲ್ಲಿನ ರಿಂಗ್ ಕೂರುವುದಿಲ್ಲ. 110 ಮಿ.ಮೀ. ವೃತ್ತದ ಕಾಂಪ್ಯಾಕ್ಟ್ ಕ್ರ್ಯಾಂಕನ್ನೇ ತರಬೇಕು. ದೊಡ್ಡ ರಿಂಗ್ 53ರಿಂದ 50ಕ್ಕೆ ಇಳಿಯುವುದರಿಂದ ಮುಂದಿನ ಡಿರೇಲರನ್ನೂ (ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಸಾಧನ) ಇಳಿಸಿ, ಅದರ ಹೊರತಗಡು ಹಲ್ಲಿನ ತುದಿಯಿಂದ 1ರಿಂದ 3 ಮಿ.ಮೀ. ಮೇಲೆ ಇರುವಂತೆ ಬಿಗಿಯಬೇಕು. ಹಿಂದೆ 32 ಹಲ್ಲು ಹಾಕಿದರೆ ಗಿಡ್ಡ ಕೇಜಿನ (ಚೈನ್ ಬಿಗಿ ಹಿಡಿಯುವ ತೋಳಿನ) ಹಳೆಯ ಡಿರೇಲರ್ ಸಾಮಾನ್ಯವಾಗಿ ತಡೆಯುವುದಿಲ್ಲ, ಉದ್ದ ಕೇಜಿನದು ಬೇಕು. ಚೈನ್ ಉದ್ದಕ್ಕೆ ಡಿರೇಲರ್ ಮೂಲಕ ಹಾಯಿಸದೆ ಮುಂದಿನ ದೊಡ್ಡ ರಿಂಗ್, ಹಿಂದಿನ ದೊಡ್ಡ ಕಾಗ್ (ಹಲ್ಲುಗಾಲಿ) ಮೇಲೆ ಸುತ್ತಿ, ಕೂಡುವ ಜಾಗದಿಂದ ಒಂದು ಇಂಚು ಹೆಚ್ಚು ಬಿಟ್ಟು ಕತ್ತರಿಸಿದೆ. ಗಿಡ್ಡ ಚೈನ್ ಹಾಕಿ ದೊಡ್ಡದಕ್ಕೆ ದೊಡ್ಡದು ಬಿದ್ದರೆ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಕಿತ್ತುಬರುತ್ತದೆ.

ಸೀಟಿನ ಎತ್ತರಕ್ಕೆ ಬರಿಗಾಲಲ್ಲಿ ಗೋಡೆಗೆ ಒರಗಿ, ತೊಡೆಸಂದಿಗೆ ದಪ್ಪ ಪುಸ್ತಕ ಒತ್ತಿ ನೆಲದಿಂದ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ. 80 ಸೆಂ.ಮೀ. ಕಾಲಿಗೆ 70.6. ನಮ್ಮ ವಯಸ್ಸಿನ ಬಿಗಿದ ತೊಡೆ ಹಿಂಭಾಗಕ್ಕೆ ಅದರಿಂದ 5 ಮಿ.ಮೀ. ಕೆಳಗೆ ಶುರು ಮಾಡುವುದು ಲೇಸು. ಆಮೇಲೆ ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಸರಿಸದೆ, ಒಂದು ವಾರ ನೋಡಬೇಕು. ಮಂಡಿಯ ಮುಂದೆ ನೋವಿದ್ದರೆ ಸೀಟು ತಗ್ಗಾಗಿದೆ ಅಥವಾ ಗೇರು ಭಾರವಾಗಿದೆ. ಹಿಂದೆ ನೋವಿದ್ದರೆ ಸೀಟು ಎತ್ತರವಾಗಿದೆ. ಕಿರುಬೆರಳು ಜೋಮು ಹಿಡಿದರೆ ಗ್ಲೌಸ್ ದಪ್ಪ ಮಾಡಿ ಉಪಯೋಗವಿಲ್ಲ. ಸೀಟಿನ ಮೂತಿ ಮುಂದಕ್ಕೆ ಬಾಗಿದೆಯೇ ನೋಡಿ, ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ ಎಂಬ ತುಂಡನ್ನು ತಿರುವಿಹಾಕಿ ಹ್ಯಾಂಡಲ್ ಎತ್ತರಿಸಿ. ಸ್ಟೆಮ್ ಕೂರಿಸುವಾಗ ಮೊದಲು ಮೇಲಿನ ಕ್ಯಾಪ್, ನಂತರ ಪಕ್ಕದ ಬೋಲ್ಟ್‌ಗಳು. ಮುಂದಿನ ಬ್ರೇಕ್ ಹಿಡಿದು ಹಿಂದೆ-ಮುಂದೆ ಅಲುಗಿಸಿದಾಗ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್ ಟಕ್ ಅನ್ನಬಾರದು.

ಟೈರ್ ಫ್ರೇಮಿನಲ್ಲಿ ಜಾಗವಿದ್ದಷ್ಟು ಅಗಲ ಇರಲಿ. 75 ಕಿಲೋ ಆಸುಪಾಸಿನವರಿಗೆ 28 ಮಿ.ಮೀ. ಟೈರಿನಲ್ಲಿ ಮುಂದೆ 70, ಹಿಂದೆ 75 ಪಿಎಸ್‌ಐ ಹವಾ ಸಾಕು. 110 ತುಂಬಿಸುವ ಹಳೇ ಚಟದಿಂದ ಕೈ-ಸೊಂಟ ನಡುಗುತ್ತವೆಯೇ ಹೊರತು ವೇಗ ಬರುವುದಿಲ್ಲ. ಹಳ್ಳಿ ಸೈಕಲ್ ಅಂಗಡಿಯ 28 ಇಂಚಿನ ಟೈರ್ ನಮ್ಮ ರೋಡ್ ಸೈಕಲ್ಲಿನ 700ಸಿ ಅಳತೆಯ ರಿಮ್ಮಿಗೆ ಕೂರುವುದಿಲ್ಲ. ಅದರ ರಿಮ್ ವ್ಯಾಸ 635 ಮಿ.ಮೀ., ನಮ್ಮದು 622. ಆದ್ದರಿಂದ ಎರಡು ಟ್ಯೂಬ್, ಲಿವರ್, ಪಂಪ್ ಜೊತೆಗೇ ಇರಬೇಕು. ತೆಳು ಪ್ರೆಸ್ಟಾ ವಾಲ್ವ್‌ಗೆ ಹಿತ್ತಾಳೆ ಅಡಾಪ್ಟರ್ ಇದ್ದರೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೂಡ ಕೆಲಸಕ್ಕೆ ಬರುತ್ತದೆ. ರಸ್ತೆ ಅಂಚಿಗೆ ಇಳಿದರೆ ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿ ಮುಳ್ಳು ಕಾದಿರುತ್ತವೆ. ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಗೆಲ್ಲ ಬೆರಳಾಡಿಸಿ ಮುರಿದ ತುದಿ ತೆಗೆಯದಿದ್ದರೆ ಎರಡನೇ ಟ್ಯೂಬೂ ಹೋಗುತ್ತದೆ.

ದಾರಿ ಆರಿಸುವುದು ಗಾಳಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ಗಾಳಿ ಪಡುವಣದ್ದು. ಆಗ ಹುಬ್ಬಳ್ಳಿಯಿಂದ ಕಲಘಟಗಿ ಕಡೆಗೋ ಧಾರವಾಡದ ಕಡೆಗೋ ಮೊದಲು ಹೋಗಿ, ಗಾಳಿ ಬೆನ್ನಿಗೆ ಹಾಕಿಕೊಂಡು ಮರಳಬೇಕು. ಚಳಿಗಾಲದಲ್ಲಿ ಗಾಳಿ ಮೂಡಣದಿಂದ, ಆಗ ಅಣ್ಣಿಗೇರಿ ರಸ್ತೆ. ಎರೆ ಬಯಲು ಸಪಾಟು ಅನ್ನುವುದು ಕಣ್ಣಿಗೆ ಮಾತ್ರ. ಎದುರುಗಾಳಿ ಎದ್ದರೆ ಅಲ್ಲಿ ಮರೆಯೇ ಇಲ್ಲ, ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಧಾರವಾಡ ಹುಬ್ಬಳ್ಳಿಗಿಂತ ಸುಮಾರು 100 ಮೀಟರ್ ಎತ್ತರದಲ್ಲಿದೆ. ಆ ದಾರಿಯಲ್ಲಿ ಚಿಗರಿ ಬಸ್ಸಿಗೇ (ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್) ಮೀಸಲಾದ ಲೇನ್ ಖಾಲಿ ಕಂಡರೂ ಒಳಗೆ ಹೋಗುವಂತಿಲ್ಲ. ಕೆಲಗೇರಿ ದಾಟಿ ಅಳ್ನಾವರದ ದಾರಿ ಹಿಡಿದರೆ ಏರಿಳಿತಕ್ಕೆ ಕೊರತೆಯಿಲ್ಲ, ಆದರೆ ಮೊದಲ ಎರಡು ತಿಂಗಳಿಗೆ ಅದು ಬೇಡ.

ಆ ಎರಡು ತಿಂಗಳು ಕಿಲೋಮೀಟರ್ ಎಣಿಸದೆ ಸಮಯ ಎಣಿಸಿದೆ. ವಾರಕ್ಕೆ ಮೂರು ಸಲ, ಒಂದೊಂದು 45 ನಿಮಿಷ. ಆಮೇಲೆ ವಾರಕ್ಕೆ ಶೇ. 10ರಷ್ಟು ಏರಿಸಿ, ಪ್ರತಿ ನಾಲ್ಕನೇ ವಾರ ಮೂರನೇ ಒಂದು ಭಾಗ ಇಳಿಕೆ. ಒಂದೂವರೆ ಗಂಟೆ ಮೀರುವ ದಿನ ತಾಸಿಗೆ ಒಂದು ದೊಡ್ಡ ಬಾಳೆಹಣ್ಣು, ಒಂದು ತುಂಡು ಶೇಂಗಾ ಚಿಕ್ಕಿ, ಅರ್ಧ ಲೀಟರ್ ನೀರು. ಗಿರ್ಮಿಟ್-ಮಿರ್ಚಿ ಮನೆಗೆ ಹತ್ತಿರ ಬಂದ ಮೇಲೆ.

ಸುಗ್ಗಿಯಲ್ಲಿ ಒಕ್ಕಲೆಂದು ರಸ್ತೆ ಮೇಲೆ ಹುರುಳಿ, ತೊಗರಿ ಹರವಿರುತ್ತಾರೆ. ಬಳ್ಳಿ ಡಿರೇಲರ್‌ಗೆ ಸುತ್ತಿಕೊಂಡರೆ ಹ್ಯಾಂಗರ್ ಮುರಿಯುವುದೇ, ಅಲ್ಲಿ ಇಳಿದು ನಡೆಯುವುದು ಮೇಲು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ತಂದು ಸುರಿದ ಎರೆ ಮಣ್ಣು ಟೈರಿಗೂ ಬ್ರೇಕಿಗೂ ನಡುವೆ ತುಂಬಿ ಚಕ್ರವನ್ನೇ ನಿಲ್ಲಿಸುತ್ತದೆ. ಹಸಿಯಿರುವಾಗಲೇ ಕಡ್ಡಿಯಿಂದ ಕೆರೆದು ತೆಗೆಯಬೇಕು, ಒಣಗಿದರೆ ಬಿಡುವುದಿಲ್ಲ. ಚೈನಿಗೆ ಹೋದ ಮಣ್ಣು ಪಿನ್ನುಗಳನ್ನು ತೇಯುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು 12 ಇಂಚು ಅಳೆಯಿರಿ. ಪಿನ್ನು 12 ಇಂಚಿನ ಗೆರೆಯಿಂದ 1/16 ಇಂಚು ಆಚೆ ಹೋಗಿದ್ದರೆ ಚೈನ್ ಮಾತ್ರ ಬದಲಿಸಿದರೆ ಆಯಿತು, 1/8 ಇಂಚು ಆಚೆ ಹೋಗಿದ್ದರೆ ಕ್ಯಾಸೆಟ್ಟಿನ ದುಡ್ಡೂ ಎತ್ತಿಡಬೇಕು.